ವಾಚ್ ಡಾಕ್ಟ್ರ ಕೈಗೆ ಸಿಕ್ಕ ನಾಲ್ಕು ಕುಂಬಳದ ಬೀಜ

ನಮ್ಮ ಬೀದಿಯ ಗಡಿಯಾರ ರಿಪೇರಿಯವರು ತಮ್ಮ ಕೆಲಸವನ್ನು ರಿಪೇರಿ ಎಂದು ಕರೆಯಲು ಯಾರನ್ನೂ ಬಿಟ್ಟವರಲ್ಲ. ‘ನಾನು ಮಾಡೋದು ಚಿಕಿತ್ಸೆ’ ಎನ್ನುತ್ತಿದ್ದರು. ಸರಿ, ಬೀದಿಯವರು ಅವರನ್ನು ವಾಚ್ ಡಾಕ್ಟ್ರು ಎಂದರು. ಅದರೊಳಗಿನ ತಮಾಷೆ ಮೂವತ್ತು ವರ್ಷವಾದರೂ ಅವರಿಗೆ ತಟ್ಟಿಲ್ಲ. ಮುಚ್ಚಿದ ಯಾವುದನ್ನೂ ಮುಚ್ಚಿದ ಹಾಗೇ ಬಿಡಲಾರದ ಮನುಷ್ಯ. ಹೆಂಡತಿ ಅನ್ನಕ್ಕಿಟ್ಟರೆ ಮೂರು ಸಲ ಮುಚ್ಚಳ ತೆಗೆದು ಬಗ್ಗಿ ನೋಡುವವರು.

ಇಂಥವರ ಕೈಗೆ ಅವರ ಅಕ್ಕ ನಾಲ್ಕು ಕುಂಬಳದ ಬೀಜ ಕೊಟ್ಟರು. ಅಕ್ಕನದು ಎರಡು ಮನೆ ಆಚೆ ಹೊಲಿಗೆ ಅಂಗಡಿ. ಅವರ ಹಿತ್ತಲಿನ ಕುಂಬಳ ಅತ್ತೆಯ ಕಾಲದಿಂದ ಬಂದದ್ದು. ಜೇನಿನಷ್ಟು ಸಿಹಿ, ಯಾವ ಅಂಗಡಿಯಲ್ಲೂ ಸಿಗದು. ಈ ವರ್ಷ ಬೀಜದ ಪೊಟ್ಟಣಕ್ಕೆ ಇಲಿ ಬಾಯಿ ಹಾಕಿ, ಉಳಿದದ್ದು ನಾಲ್ಕೇ.

‘ಇವೂ ಹೋದ್ರೆ ಆ ತಳಿನೇ ಹೋಯ್ತು ಕಣೋ. ನನ್ನ ಕೈ ಈಗ ನಡುಗುತ್ತೆ. ನಿನ್ನದು ನಡುಗಲ್ಲ, ಅದಕ್ಕೇ ಕೊಡ್ತಿದೀನಿ.’

‘ಕೂದಲಿನಂಥ ಸ್ಪ್ರಿಂಗ್ ಎತ್ತೋ ಕೈ ಅಕ್ಕಾ ಇದು. ಬೀಜ ಯಾವ ಲೆಕ್ಕ.’

ಒದ್ದೆ ಬಟ್ಟೆಯಲ್ಲಿ ಸುತ್ತಿ, ತಗಡಿನ ಡಬ್ಬಿಯಲ್ಲಿಟ್ಟು, ಫ್ರಿಜ್ಜಿನ ಹಿಂದಿನ ಬೆಚ್ಚಗಿನ ಮೂಲೆಗೆ ಸೇರಿಸಿದರು. ಐದನೆಯ ದಿನ ಮೂರು ಬೀಜ ಬಾಯಿಬಿಟ್ಟು ಬಿಳಿ ಬೇರು ಚಾಚಿದ್ದವು, ನಾಲ್ಕನೆಯದು ಕೊಳೆತಿತ್ತು. ಡಾಕ್ಟ್ರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಮಣ್ಣಿಗಿಳಿಸಲೆಂದು ಮೊದಲನೆಯದನ್ನು ಚಿಮಟದಿಂದ ಎತ್ತಿದರು, ಅದೂ ಬೇರು ಹಿಡಿದು. ಗಡಿಯಾರದ ಚಕ್ರವನ್ನು ಅಚ್ಚು ಹಿಡಿದೇ ಎತ್ತುವ ಅಭ್ಯಾಸ. ಬೇರು ಚಿಮಟದಲ್ಲಿ ಉಳಿಯಿತು, ಬೀಜ ನೆಲಕ್ಕೆ ಬಿತ್ತು.

‘ಚಿಪ್ಪು ಹಿಡೀಬೇಕಿತ್ತು,’ ಎಂದರು, ಹೊಸ ಶೋಧ ಮಾಡಿದವರಂತೆ.

‘ಬರೆದಿಟ್ಕೊಳ್ಳಿ,’ ಎಂದರು ಹೆಂಡತಿ.

ಉಳಿದೆರಡನ್ನು ಚಿಪ್ಪು ಹಿಡಿದೆತ್ತಿ, ಬೇರು ಕೆಳಗೆ ಮಾಡಿ, ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಎರಡು ಕುಂಡಗಳಲ್ಲಿ ಇಳಿಸಿ ಸಡಿಲ ಮಣ್ಣು ಮುಚ್ಚಿದರು. ಮುಚ್ಚಿದ ಮೇಲೆ ಕೇಳಬೇಕೆ? ಮರುದಿನ ಬೆಳಗ್ಗೆ ಒಂದು ಕುಂಡದ ಮಣ್ಣು ಸರಿಸಿ ನೋಡಿದರು. ಸಂಜೆಯೂ ನೋಡಿದರು. ಬೇರು ಎಷ್ಟುದ್ದ ಆಯಿತು, ಯಾವ ಕಡೆ ತಿರುಗಿತು, ನೂಲಿನಂಥ ಕವಲು ಎಲ್ಲಿಂದ ಹೊರಟಿತು? ನೋಡಿದಷ್ಟೂ ಇನ್ನಷ್ಟು ನೋಡಬೇಕೆನಿಸುತ್ತಿತ್ತು. ‘ಬಿಚ್ಚದೆ, ನಡೀತಿದೆಯೋ ನಿಂತಿದೆಯೋ ಹೇಗೆ ಗೊತ್ತಾಗುತ್ತೆ?’ ಎಂಬುದು ಅವರ ವಾದ. ನಾಲ್ಕನೆಯ ದಿನ ಗೊತ್ತಾಯಿತು. ನಿಂತಿತ್ತು.

ಇನ್ನೊಂದು ಕುಂಡವನ್ನು ಹೆಂಡತಿ ಮೊದಲ ದಿನವೇ ಬಚ್ಚಿಟ್ಟಿದ್ದರಿಂದ ಅದರ ಪ್ರಾಣ ಉಳಿಯಿತು. ವಾರದೊಳಗೆ ಮೊಳಕೆ ಕುತ್ತಿಗೆ ಬಗ್ಗಿಸಿಕೊಂಡು ಮೇಲೆದ್ದಿತು. ಆದರೆ ಚಿಪ್ಪು ತಲೆಯ ಮೇಲೆ ಟೋಪಿಯಂತೆ ಕಚ್ಚಿಕೊಂಡಿತ್ತು. ಎರಡು ದಿನವಾದರೂ ಬಿಡಲಿಲ್ಲ. ಒಳಗೆ ಸಿಕ್ಕಿಕೊಂಡ ಎಲೆಗಳು ಬಿಳಿಚತೊಡಗಿದವು. ಹೆಂಡತಿ ಹೋಗಿ ಅಕ್ಕನನ್ನು ಕರೆತಂದರು.

ಮೂರು ಬೀಜದ ಸುದ್ದಿ ಕೇಳಿ ಅಕ್ಕ ಕುಂಡದ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕೂತರು. ಅಷ್ಟರಲ್ಲಿ ಡಾಕ್ಟ್ರು ವಾಚಿನ ಬೆನ್ನು ತೆರೆಯುವ ಚಾಕು ಕೈಗೆತ್ತಿಕೊಂಡಿದ್ದರು.

‘ಚಾಕು ಕೆಳಗಿಡೋ. ಒಣಗಿ ಹಿಡ್ಕೊಂಡಿದೆ, ಮೊದ್ಲು ನೆನೆಸು.’

ವಾಚಿಗೆ ಎಣ್ಣೆ ಬಿಡುವ ಸೂಜಿಯ ತುದಿಯಿಂದ ಒಂದು ಹನಿ ನೀರು ಚಿಪ್ಪಿನ ಸಂದಿಗೆ ಹೋಯಿತು.

‘ಈಗ?’

‘ಈಗ ಕೈಕಟ್ಟಿ ಕೂತ್ಕೋ.’

ಹತ್ತು ನಿಮಿಷಕ್ಕೊಂದು ಹನಿ. ಹೀಗೆ ಎರಡು ಗಂಟೆ. ಮನೆಯ ಮುಂಕೋಣೆಯ ಅಂಗಡಿಗೆ ಬಂದ ಗಿರಾಕಿಯೊಬ್ಬರು, ಕುಂಡದ ಸುತ್ತ ಮೂವರು ಬಾಯಿಮುಚ್ಚಿ ಕೂತದ್ದನ್ನು ಕಂಡು, ಏನೋ ಆಗಬಾರದ್ದು ಆಗಿದೆ ಎಂದುಕೊಂಡು ಮೆಲ್ಲಗೆ ವಾಪಸಾದರು. ಕೊನೆಗೆ ಅಕ್ಕ ತಲೆಯಾಡಿಸಿದರು. ಡಾಕ್ಟ್ರು ಉಸಿರು ಬಿಗಿಹಿಡಿದು ಚಿಮಟದಿಂದ ಚಿಪ್ಪಿನ ಅಂಚನ್ನು ಹಿಡಿದರು. ಜಾರಿ ಬಂತು. ಒಂದೆಲೆಯ ಅಂಚು ಹರಿದಿತ್ತು. ಇನ್ನೊಂದು, ಮಡಿಸಿಟ್ಟ ಬಟ್ಟೆಯಂತೆ ಸುಕ್ಕಾದರೂ, ಇಡಿಯಾಗಿತ್ತು.

‘ನೋಡಿದ್ಯಾ ಅಕ್ಕಾ, ಕೈ ಅಂದ್ರೆ ಇದು.’

‘ನೋಡಿದೆ. ನಾಲ್ಕಕ್ಕೆ ಒಂದು.’ ಅಕ್ಕ ಎದ್ದು, ಕುಂಡ ಎತ್ತಿಕೊಳ್ಳುವಂತೆ ತಮ್ಮನ ಹೆಂಡತಿಗೆ ಸನ್ನೆ ಮಾಡಿದರು.

‘ಎಲ್ಲಿಗೆ? ಎರಡು ದಿನ ನನ್ನ ನಿಗಾದಲ್ಲಿರಲಿ.’

‘ಇಲ್ಲಿದ್ರೆ, ಮೊಗ್ಗು ಬಂದ ದಿನ ಅದನ್ನೂ ಬಿಚ್ಚಿ ನೋಡ್ತೀಯ.’

ಮೊಗ್ಗಿನ ವಿಷಯ ಡಾಕ್ಟ್ರಿಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ.