ಲೈಪ್‌ಜಿಗ್‌ಗೆ ಹೊರಟಿದ್ದ ಟೀಚರಮ್ಮ

ಕಳೆದ ವಾರ ಸೊಸೆ ಉಣ್ಣೆಯ ಶಾಲೊಂದನ್ನು ಒಗೆದು ಹಿತ್ತಲ ತಂತಿಯ ಮೇಲೆ ಹಾಕಿದ್ದಳು. ಬಿಸಿಲೇರಿದಂತೆ ಒದ್ದೆ ಉಣ್ಣೆಯ ಆ ಕುರಿವಾಸನೆ ಕಿಟಕಿಯಿಂದ ಒಳಗೆ ಬಂತು. ಕಾಫಿ ಲೋಟ ಹಿಡಿದವಳು ಹಾಗೇ ಕೂತುಬಿಟ್ಟೆ. ನನಗೆ ಹತ್ತೊಂಬತ್ತು ತುಂಬಿದ ವರ್ಷ, ಹಾಸನದ ನಡುಬೇಸಿಗೆಯಲ್ಲಿ, ಬೆವರು ಒರೆಸಿಕೊಳ್ಳುತ್ತ ನಾನು ಉಣ್ಣೆಯ ಟೋಪಿ ಹೆಣೆದಿದ್ದೆ. ಜರ್ಮನಿಯ ಚಳಿಗೆಂದು ಹೆಣೆಸಿದವರು ಟೀಚರಮ್ಮ.

ಅವರು ಹಾಸನದ ಹೆಣ್ಣುಮಕ್ಕಳ ಶಾಲೆಯಲ್ಲಿ ಹಾಡು ಕಲಿಸುತ್ತಿದ್ದರು. ಭಾನುವಾರ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಹುಟ್ಟಿದ್ದು ಮಂಗಳೂರಿನಲ್ಲಿ. ಆಸ್ಪತ್ರೆಯ ಕಾಂಪೌಂಡರನ್ನು ಮದುವೆಯಾಗಿ ಈ ಕಡೆ ಬಂದವರು. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಚಿಕ್ಕಂದಿನಲ್ಲಿ ಅವರಿಗೆ ಸಂಗೀತ ಹೇಳಿಕೊಟ್ಟವರು ಮಂಗಳೂರಿನಲ್ಲಿದ್ದ ಒಬ್ಬ ಜರ್ಮನ್ ಪಾದ್ರಿಯ ಹೆಂಡತಿ. ಲೈಪ್‌ಜಿಗ್ ಎಂಬ ತನ್ನೂರಿನ ಕಥೆಯನ್ನೂ ಆಕೆಯೇ ಹೇಳಿದ್ದಂತೆ. ಇನ್ನೂರು ವರ್ಷದ ಹಿಂದೆ ಅಲ್ಲಿನ ಚರ್ಚಿನಲ್ಲಿ ಒಬ್ಬ ಮಹಾ ಸಂಗೀತಗಾರನಿದ್ದನಂತೆ, ವಾರವಾರವೂ ಹೊಸ ಹಾಡು ಕಟ್ಟುತ್ತಿದ್ದನಂತೆ. ಈಗಲೂ ಶನಿವಾರ ಬಂದರೆ ಅಲ್ಲಿ ಹುಡುಗರ ಮೇಳ ಹಾಡುತ್ತದಂತೆ...

ಆ ಹೆಂಗಸು ತನ್ನ ದೇಶಕ್ಕೆ ಹಿಂತಿರುಗಿ ಮುದುಕಿಯಾಗಿದ್ದರು. ‘ನಿನ್ನ ಗಾಯಕರನ್ನು ಕರೆದುಕೊಂಡು ಬಾ, ನಮ್ಮ ಮನೆಯಲ್ಲೇ ಇರುವಿರಂತೆ’ ಎಂದು ಹೇಳಿಕಳಿಸಿದರು. ಟೀಚರಮ್ಮನಿಗೆ ಅಷ್ಟೇ ಸಾಕಾಯಿತು.

ಹೊರಟವರು ನಾವು ನಾಲ್ವರು, ನಾಲ್ಕು ದನಿ. ಮೇಲಿನ ದನಿ ಟೀಚರಮ್ಮನದು. ಅದರ ಕೆಳಗಿನದು ಅವರಲ್ಲೇ ಹಾಡು ಕಲಿತ ನನ್ನದು. ಮೂರನೆಯದು ಹೊಳೆನರಸೀಪುರದ ಶಾಲೆಯ ಮೇಷ್ಟ್ರದು. ತೀರ ಕೆಳಗಿನ ಮಂದ್ರ ದನಿ ಅರಕಲಗೂಡಿನ ಕಡೆಯ ಒಬ್ಬ ರೈತನದು. ಅವನು ಹಾಡಿದರೆ ಬೆಂಚಿನ ಹಲಗೆ ಅದುರುತ್ತಿತ್ತು. ಶನಿವಾರ ಮಧ್ಯಾಹ್ನ ಎತ್ತಿನ ಗಾಡಿಯಲ್ಲಿ ಬಂದು, ಚರ್ಚಿನ ಹಿಂದಿನ ಟೀಚರಮ್ಮನ ಕೋಣೆಯಲ್ಲಿ ನಮ್ಮೊಂದಿಗೆ ಹಾಡಿ, ಭಾನುವಾರದ ಆರಾಧನೆ ಮುಗಿಸಿಕೊಂಡು ಹೋಗುತ್ತಿದ್ದ.

“ನಾವು ಬೇಡಲಿಕ್ಕೆ ಹೋಗುವುದಲ್ಲ,” ಎನ್ನುತ್ತಿದ್ದರು ಟೀಚರಮ್ಮ. “ಅವರ ರಾಗವನ್ನು ಅವರಿಗೇ ಕನ್ನಡದಲ್ಲಿ ಕೇಳಿಸಿ ಬರುವುದು. ಕೇಳಲಿ ಒಮ್ಮೆ!”

ಹಡಗಿನ ಖರ್ಚಿಗೆಂದು ಊರೂರಿನಲ್ಲಿ ಹಾಡಿದೆವು. ರುದ್ರಪಟ್ಟಣದಲ್ಲಿ ಒಬ್ಬ ವಯಸ್ಸಾದ ಸಂಗೀತ ವಿದ್ವಾಂಸರು ಕಣ್ಣು ಮುಚ್ಚಿ ಪೂರ್ತಿ ಕೇಳಿ, “ಒಬ್ಬೊಬ್ಬರು ಒಂದೊಂದು ಸ್ವರ ಹಾಡ್ತೀರಿ. ಆದರೂ ಜಗಳ ಇಲ್ಲವಲ್ಲಮ್ಮ!” ಎಂದು ಆಶ್ಚರ್ಯಪಟ್ಟರು. ಟೀಚರಮ್ಮ ಆ ಮಾತನ್ನು ಎಷ್ಟು ಜನಕ್ಕೆ ಹೇಳಿದರೋ.

ರೈತನಿಗೆ ಇದ್ದದ್ದು ಒಂದೇ ಚಿಂತೆ. “ಅಮ್ಮಾವ್ರೇ, ಅಲ್ಲಿ ಮುದ್ದೆ ಸಿಗಾಕಿಲ್ವಂತೆ. ಒಂದು ಮೂಟೆ ಉರಿಟ್ಟು ಕಟ್ಕಂಡೋಗಾಣ ಕಣ್ರಮ್ಮ.” ಹುರಿಹಿಟ್ಟು ತಿಂದು ಜರ್ಮನಿಯಲ್ಲಿ ಹಾಡುವ ಮಾತಿಗೆ ಎಲ್ಲರೂ ನಕ್ಕೆವು. ಟೀಚರಮ್ಮ ನಗಲಿಲ್ಲ, ಒಪ್ಪಿಕೊಂಡರು. ನನ್ನ ಅಪ್ಪ ಬೇಡವೆನ್ನುತ್ತಾರೆಂದು ಹೆದರಿದ್ದೆ. ಅವರು ಅಮ್ಮನ ಕಡೆ ತಿರುಗಿ, “ಓಗ್ಬರ್ಲಿ ಬುಡು. ಸಮುದ್ರ ಕಂಡೋರು ನಮ್ಮನೇಲಿ ಯಾರವ್ರೆ?” ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುಂದಿನ ಬೇಸಿಗೆಗೆ ಹೊರಡುವುದೆಂದಾಗಿತ್ತು. ಅದಕ್ಕೆ ಮೊದಲೇ ಜರ್ಮನಿಗೂ ಇಂಗ್ಲಿಷರಿಗೂ ಯುದ್ಧ ಶುರುವಾಯಿತು.

ನಮ್ಮ ಚರ್ಚಿನ ಪಾದ್ರಿ ಇಂಗ್ಲೆಂಡಿನವರು, ಕೆಟ್ಟವರಲ್ಲ. ಜರ್ಮನ್ ರಾಗಗಳನ್ನು ಸದ್ಯಕ್ಕೆ ಬಿಡಿ ಎಂದು ಮೆಲ್ಲಗೆ ಹೇಳಿದರು. “ಹಾಗಾದರೆ ನನ್ನಿಂದ ಆಗಲಿಕ್ಕಿಲ್ಲ ಅಯ್ಯನವರೇ,” ಎಂದು ಟೀಚರಮ್ಮ ಹಾರ್ಮೋನಿಯಂ ಮುಚ್ಚಿ ಎದ್ದರು. ಆಮೇಲೆ ಭಾನುವಾರಗಳಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು, ಬಾಯಿ ತೆರೆಯುತ್ತಿರಲಿಲ್ಲ. ಬೀದಿಯಲ್ಲಿ ಅವರಿಗೆ ‘ಜರ್ಮನ್ ಅಮ್ಮ’ ಎಂಬ ಹೆಸರು ಬಿತ್ತು. ಕೆಲವರು ತಮ್ಮ ಹುಡುಗಿಯರನ್ನು ಅವರ ಪಾಠದಿಂದ ಬಿಡಿಸಿದರು. ಸರ್ಕಾರಿ ಕೆಲಸದ ಮೇಷ್ಟ್ರು ಅಂಜಿ ಬರುವುದನ್ನು ನಿಲ್ಲಿಸಿದರು. ರೈತ ಪಟಾಲಂ ಸೇರಿ ಬರ್ಮಾ ಕಡೆ ಹೋದ. ಮರು ವರ್ಷ ನಾನೂ ಮದುವೆಯಾಗಿ ಚನ್ನರಾಯಪಟ್ಟಣಕ್ಕೆ ಬಂದೆ. ಒಬ್ಬೊಬ್ಬರಾಗಿ ಹೀಗೆ...

ಯುದ್ಧ ಮುಗಿದ ಮೇಲೆ ತವರಿಗೆ ಬಂದಾಗ ಅವರನ್ನು ನೋಡಲು ಹೋದೆ. ಶನಿವಾರ ಸಂಜೆ. ಕೋಣೆಯ ಹೊರಗೇ ಹಾರ್ಮೋನಿಯಂ ಕೇಳಿಸಿತು. ಸೀರೆ ಸಡಿಲಾಗಿ ನೇತಾಡುವಷ್ಟು ಇಳಿದುಹೋಗಿದ್ದರು. “ಬಂದೆಯಾ? ಕೂತುಕೋ. ಹಾಡು,” ಎಂದರು. ಕ್ಷೇಮಸಮಾಚಾರ ಕೂಡ ಕೇಳಲಿಲ್ಲ.

ಇಬ್ಬರೇ ಹಾಡಿದೆವು. ಮಂದ್ರ ದನಿ ಒಂಟಿಯಾಗಿ ಎತ್ತಿಕೊಳ್ಳುವ ಸಾಲು ಬಂದಾಗ ಅವರು ಕೈ ನಿಲ್ಲಿಸಿದರು. ಅಷ್ಟು ಹೊತ್ತೂ ಸುಮ್ಮನಿದ್ದು, ಸಾಲು ಮುಗಿಯಬೇಕಾದಲ್ಲಿಂದ ಮತ್ತೆ ನುಡಿಸಿದರು. ರೈತ ಬರ್ಮಾದಿಂದ ವಾಪಸು ಬರಲಿಲ್ಲವೆಂಬುದು ನನಗೂ ತಿಳಿದಿತ್ತು.

“ಅದನ್ನು ನೀವೇ ನುಡಿಸಬಹುದಲ್ಲ ಟೀಚರಮ್ಮ?”

“ಅದು ಅವನ ಜಾಗ ಮಗಾ.”

ಆಮೇಲೆ ತಾವಾಗಿಯೇ ಹೇಳಿದರು. “ಆ ಊರಿನ ಮೇಲೂ ಬಾಂಬು ಬಿತ್ತಂತೆ. ನಮ್ಮನ್ನು ಕರೆದಿದ್ದ ಅಮ್ಮನ ಸುದ್ದಿಯೇ ಇಲ್ಲ. ಚರ್ಚು ಉಂಟೋ ಇಲ್ಲವೋ...”

“ಹಂಗಾದ್ರೆ ಇನ್ನು ಹೋಗೋದು ಬೇಡ ಅಲ್ವಾ?” ಅವರ ನೋವು ಕಡಿಮೆಯಾಗಲೆಂದು ಅಂದೆ.

ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಬೇಡ ಅಂತ ಯಾರು ಹೇಳಿದ್ದು? ಚರ್ಚು ಇಲ್ಲದಿದ್ದರೆ ಹೊರಗೆ ನಿಂತು ಹಾಡುವುದು.”

ಅದೇ ಕೊನೆಯ ಭೇಟಿ. ಅವರು ಹೋದ ಸುದ್ದಿ ನನಗೆ ಮುಟ್ಟುವಾಗ ಮಣ್ಣಾಗಿ ವಾರ ಕಳೆದಿತ್ತು. ಎಷ್ಟೋ ದಿನದ ಮೇಲೆ ಹೊಳೆನರಸೀಪುರದ ಸ್ಟೇಷನ್ನಿನಲ್ಲಿ ಮೇಷ್ಟ್ರು ಸಿಕ್ಕರು. ಮಣ್ಣಿಗೆ ಅವರು ಹೋಗಿದ್ದರಂತೆ. ಟೀಚರಮ್ಮನ ರಾಗವನ್ನು ಹಾಡಿದರಾ ಎಂದು ಕೇಳಿದೆ.

“ನಾನೊಬ್ನೇ ಶುರು ಮಾಡ್ದೆ ಕಣಮ್ಮ,” ಅಂದರು, ಹಳಿಯ ಕಡೆ ನೋಡುತ್ತ. “ಯಾರೂ ಜೊತೆಗೂಡ್ಲಿಲ್ಲ. ಅರ್ಧಕ್ಕೆ ನಿಲ್ಲಿಸ್ಬುಟ್ಟೆ.”

ಮೇಷ್ಟ್ರೂ ಹೋಗಿ ಬಹಳ ಕಾಲವಾಯಿತು. ನಾಲ್ವರಲ್ಲಿ ಉಳಿದವಳು ನಾನೊಬ್ಬಳೇ. ಅವತ್ತು ಶಾಲು ಒಣಗುವವರೆಗೂ ಕಿಟಕಿಯ ಬಳಿ ಕೂತು ಟೀಚರಮ್ಮನ ಹಾಡನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ರೈತನ ಮಂದ್ರ ಕೇಳಿಸಿತು. ಮೇಷ್ಟ್ರು ಮೇಲಿನ ಸ್ವರಕ್ಕೆ ಮೊದಲು ಕೆಮ್ಮುತ್ತಿದ್ದದ್ದು ಕೂಡ ಕೇಳಿಸಿತು. ಟೀಚರಮ್ಮನ ಕೈ, ಕನ್ನಡಕ, ಸಿಟ್ಟು, ಆಡಿದ ಮಾತು, ಎಲ್ಲ ಇದೆ. ಅವರು ಹಾಡುವಾಗಿನ ದನಿ ಮಾತ್ರ ಎಷ್ಟು ಕಾದರೂ ಬರಲಿಲ್ಲ. ಹೇಗಿತ್ತೆಂದು ಕೇಳೋಣವೆಂದರೆ, ಅದನ್ನು ಕೇಳಿದವರು ಈಗ ಯಾರೂ ಇಲ್ಲ.