ಬಿಸಿಲಲ್ಲಿ ಹಿಡಿದ ಟಾರ್ಚು

ಕಳೆದ ಭಾನುವಾರ ಬ್ಯಾಡಗಿಯಲ್ಲಿ ನನ್ನ ಅಕ್ಕನನ್ನು ಒಂದು ಟಾರ್ಚಿನಿಂದ ಅಳಿಸಿಬಿಟ್ಟೆ. ಹೊಡೆಯಲಿಲ್ಲ, ಬೈಯಲಿಲ್ಲ. ಬರೀ ಬೆಳಕು ಬಿಟ್ಟೆ!

ಮೆಣಸಿನಕಾಯಿ ಸೀಸನ್ ಬಂತೆಂದರೆ ಅಕ್ಕ ದಿನವಿಡೀ ಅಂಗಳದಲ್ಲಿ ಕೂತು ತೊಟ್ಟು ಬಿಡಿಸುತ್ತಾಳೆ. ಅವತ್ತು ಸುತ್ತಮುತ್ತ ನೋಡಿ, ಬಳೆ ಸರಿಸಿ, ಬಲಗೈ ಮಣಿಕಟ್ಟು ತೋರಿಸಿದಳು. ಅಡಿಕೆ ಗಾತ್ರದ ಗಂಟು. ದೀಪಾವಳಿಯಿಂದ ಇದೆಯಂತೆ. ಭಾವನಿಗೂ ಹೇಳಿರಲಿಲ್ಲ.

"ಕ್ಯಾನ್ಸರ್ ಇರಬಹುದೇನೋ ತಮ್ಮಾ? ಕೈ ತಗೀತಾರೇನು?"

ನಾನು ರಾಣೆಬೆನ್ನೂರಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. (ಕಲಿಸುವುದು ಹೆಚ್ಚು, ಕಲಿಯುವುದು ಕಡಿಮೆ.) ಅದೇ ವಾರ ಸೈಬರ್ ಕೆಫೆಯಲ್ಲಿ ಕೂತು ಒಂದು ಲೇಖನ ಓದಿದ್ದೆ. ವಿಜ್ಞಾನಿಗಳು ಲೇಸರ್ ಬೆಳಕನ್ನು ಹಗ್ಗ ಹೊಸೆದಂತೆ ತಿರುಚಿ ಮಾಂಸದೊಳಗೆ ಕಳಿಸುತ್ತಾರಂತೆ. ಮೈಯೊಳಗೆ ಹೊಕ್ಕ ಬೆಳಕು ಸಂತೆಯಲ್ಲಿ ಸಿಕ್ಕವರ ಹಾಗೆ ಅಲ್ಲಿ ಇಲ್ಲಿ ಡಿಕ್ಕಿ ಹೊಡೆದು ದಾರಿ ತಪ್ಪುತ್ತದೆ. ಹೊರಬಂದಾಗ ಅದರ ತಿರುಚು ಎಷ್ಟು ಉಳಿದಿದೆ, ಎಷ್ಟು ಕೆಟ್ಟಿದೆ ಎಂದು ನೋಡಿ, ಒಳಗಿನ ಮಾಂಸ ಹೇಗಿದೆ ಎಂದು ತಿಳಿಯುವ ಪ್ರಯತ್ನ. ಇನ್ನೂ ಪ್ರಯೋಗದ ಹಂತವಂತೆ.

ಇಷ್ಟು ಓದಿಕೊಂಡವನು ಸುಮ್ಮನಿರುತ್ತಾನೆಯೇ?

"ನೀರಗಂಟಾದ್ರ ಟಾರ್ಚ್ ಬೆಳಕಿಗೆ ಹೊಳೀತೈತಿ ಅಕ್ಕಾ. ಗಟ್ಟಿ ಗಂಟಾದ್ರ ಹೊಳಿಯಂಗಿಲ್ಲ" ಎಂದು ಪಾಠ ಶುರು ಮಾಡಿದೆ.

ಕತ್ತಲಿದ್ದದ್ದು ಒಳಕೋಣೆಯಲ್ಲಿ ಮಾತ್ರ. ಅಲ್ಲಿ ಸೂರಿನ ತನಕ ಮೆಣಸಿನಕಾಯಿ ಚೀಲಗಳು. (ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವವರು ಒಮ್ಮೆ ಆ ಕೋಣೆಯಲ್ಲಿ ನಿಂತು ಬರಲಿ.) ಬಾಗಿಲು ತೆಗೆದದ್ದೇ ತಡ, ಇಬ್ಬರಿಗೂ ಸೀನೋ ಸೀನು. "ಅಂಗಳದಾಗ ನೋಡೋಣ ಬಾ" ಎಂದು ಅವಳನ್ನು ಹೊರಗೆ ಕರೆತಂದೆ. ನೆತ್ತಿ ಸುಡುವ ಬಿಸಿಲು. ಗಂಟಿಗೆ ಟಾರ್ಚ್ ಒತ್ತಿ ಹಿಡಿದೆ. ಏನೂ ಹೊಳೆಯಲಿಲ್ಲ.

"ಹೊಳೀಲಿಲ್ಲಲ್ಲೋ" ಎಂದವಳೇ ಅಕ್ಕ ಮೆಣಸಿನಕಾಯಿ ರಾಶಿಯ ಪಕ್ಕದಲ್ಲೇ ಕುಸಿದು ಕೂತಳು. ಸೆರಗು ಬಾಯಿಗೆ ಹಿಡಿದು ಅತ್ತಳು. ನಾನು ಟಾರ್ಚ್ ಆರಿಸಿ ಜೇಬಿಗಿಟ್ಟೆ.

ಮರುದಿನ ಬೆಳಿಗ್ಗೆಯೇ ಹಾವೇರಿಗೆ ಹೋದೆವು. ಡಾಕ್ಟರು ಗಂಟನ್ನು ಒತ್ತಿ ನೋಡಿದರು, ಅಲ್ಲಾಡಿಸಿ ನೋಡಿದರು. ಆಮೇಲೆ ಎದ್ದು ಕಿಟಕಿ ಮುಚ್ಚಿ, ಲೈಟ್ ಆರಿಸಿ, ಪುಟ್ಟ ಟಾರ್ಚ್ ಹಿಡಿದರು.

ಗಂಟು ಕೆಂಪಗೆ ಹೊಳೆಯಿತು!

"ನೀರಗಂಟು ಐತ್ರಿ ಅಕ್ಕಾರ. ಕ್ಯಾನ್ಸರ್ ಅಲ್ಲ. ಸ್ವಲ್ಪ ದಿನ ಕೈಗೆ ಆರಾಮ ಕೊಡ್ರಿ. ಕಡಿಮಿ ಆಗ್ಲಿಲ್ಲಂದ್ರ ಬರ್ರಿ, ನೀರು ತಗದ್ರಾತು."

ಅಕ್ಕ ಕತ್ತಲಲ್ಲೇ ಕೈಮುಗಿದಳು. ನಾನೂ ಮನಸ್ಸಿನಲ್ಲೇ ಕೈಮುಗಿದೆ. ಆದರೂ ಬಾಯಿ ಕೇಳಬೇಕಲ್ಲ?

"ನಿನ್ನೆ ನಾವು ನೋಡಿದಾಗ ಹೊಳೀಲಿಲ್ಲಲ್ರೀ?"

"ಎಲ್ಲಿ ನೋಡಿದ್ರಿ?"

"ಅಂಗಳದಾಗ."

"ಬಿಸಿಲಾಗ?" ಡಾಕ್ಟರು ನನ್ನನ್ನೇ ನೋಡಿದರು. "ಏನ್ ಕೆಲಸಾ ಮಾಡ್ತೀರಿ ನೀವು?"

ನಾನು ಚಪ್ಪಲಿ ಹುಡುಕತೊಡಗಿದೆ. ಅಕ್ಕನೇ ಉತ್ತರ ಕೊಟ್ಟಳು: "ಸಾಲಿ ಮಾಸ್ತರ್ರೀ. ವಿಜ್ಞಾನ ಕಲಸ್ತಾನ." ತಿರುಚಿದ ಬೆಳಕಿನ ವಿಷಯ ಎತ್ತಬೇಕೆಂದಿದ್ದವನು ತೆಪ್ಪಗೆ ಹೊರಬಂದೆ.

ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಕಬ್ಬಿನ ಹಾಲು ಕುಡಿಸಿದಳು. ನನ್ನ ಬಿಸಿಲಿನ ಪ್ರಯೋಗವನ್ನು ನೆನೆಸಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎಷ್ಟಾದರೂ ನಗಲಿ ಎಂದು ನಾನೂ ಜೊತೆಗೆ ನಕ್ಕೆ. ಆಮೇಲೆ ಗ್ಲಾಸ್ ಕೆಳಗಿಟ್ಟು ಮೆಲ್ಲಗೆ ಅಂದಳು:

"ತಮ್ಮಾ, ಮುಂದಿನ ವಾರ ಮತ್ತ ಬರ್ತೀಯೇನು? ತೊಟ್ಟು ಬಿಡಸಾಕ ಬರ್ತಾರಲ್ಲ, ಅವರಾಗ ಇನ್ನಿಬ್ಬರಿಗೆ ಹಿಂಗ ಗಂಟು ಐತಿ. ಮನ್ಯಾಗ ಯಾರಿಗೂ ಹೇಳಿಲ್ಲಂತ. ಅಂಜ್ಯಾರ."

ನಮ್ಮ ಮನೆಯ ಹೆಂಗಸರ ಕೈಯನ್ನು ನಾವು ಕೊನೆಯ ಸಲ ಸರಿಯಾಗಿ ನೋಡಿದ್ದು ಯಾವಾಗ?