ಹುದುಲಿಗೆ ಹಾಸಿದ ಹುಲ್ಲು

ಇವತ್ತು ಬೆಳಿಗ್ಗೆ ಚಿತ್ತವಾಡ್ಗಿಯ ನಮ್ಮ ಮನೆ ಬಾಗಿಲಿಗೆ ಆಕಳಿಗೆಂದು ಹಸಿ ಹುಲ್ಲಿನ ಹೊರೆಯೊಂದು ಬಂದು ಬಿತ್ತು. ಅದರ ವಾಸನೆ ಮೂಗಿಗೆ ತಾಗಿದ್ದೇ ತಡ, ಕಾಲ ಕೆಳಗಿನ ನೆಲದ ಮೇಲೆ ನನಗೆ ಅನುಮಾನ ಬಂತು. ನಗಬೇಡಿ. ಕೆಲವರಿಗೆ ಮಲ್ಲಿಗೆ ಮೂಸಿದರೆ ಮದುವೆ ನೆನಪಾಗುತ್ತದೆ. ನನಗೆ ಹುಲ್ಲು ಮೂಸಿದರೆ ಮಾವನವರು ಸೊಂಟದವರೆಗೆ ಹೂತು ನಿಂತದ್ದು ನೆನಪಾಗುತ್ತದೆ.

ಮಾವನವರೆಂದರೆ ಹೆಂಡತಿಯ ತಂದೆ, ಕಂಪ್ಲಿಯವರು. ಬೇಸಗೆ ಬಂತೆಂದರೆ ಹೊಳೆದಂಡೆಯ ಉಸುಕಿನಲ್ಲಿ ಕಲ್ಲಂಗಡಿ ಹಾಕುತ್ತಿದ್ದರು. ಉಸುಕಿನ ವಿಷಯದಲ್ಲಿ ಅವರ ಮುಂದೆ ಬೇರೆಯವರು ಬಾಯಿ ಬಿಡುವಂತಿರಲಿಲ್ಲ. ಗುಣಿ ತೆಗೆಯುವ ಮೊದಲು ಹಿಮ್ಮಡಿಯಿಂದ ಎರಡು ಸಲ ಗುದ್ದಿ, ಗಟ್ಟಿ ನೋಡಿ, ಇಲ್ಲಿ ಅಗೆಯಿರಿ ಎನ್ನುವರು. ಹೊಳೆಯ ಉಸುಕು ಒಣಗಿದ್ದಾಗ ಕಾಲು ಹೂತುಹೋಗುತ್ತದೆ, ನೆನೆದರೆ ಗಟ್ಟಿಯಾಗುತ್ತದೆ. ಇದು ಕಂಪ್ಲಿಯ ಕೂಸಿಗೂ ಗೊತ್ತು.

ನಾನೋ ಹೊಸಪೇಟೆಯ ಬೋರ್ಡ್ ಶಾಲೆಗೆ ಹೊಸದಾಗಿ ಸೇರಿದ ಮೇಷ್ಟ್ರು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮಾವ ಮನೆಗೆ ಬಂದಾಗ ಮಾತಿಗೇನಾದರೂ ಬೇಕಲ್ಲ? ಸಂಡೂರಿನ ಗುಡ್ಡದ ಮೇಲೊಂದು ಕೆರೆಯಿದೆ, ಅದರ ಮೂಲೆಯಲ್ಲಿ ಕಾಲಿಟ್ಟರೆ ಒಳಗೆಳೆಯುವ ಉಸುಕಿನ ಹುದುಲಿದೆ, ಎಮ್ಮೆಯನ್ನೇ ನುಂಗಿದೆಯಂತೆ ಎಂದುಬಿಟ್ಟೆ. ಅದರ ಆಳ ಅಳೆಯಬೇಕೆಂದು ನನಗೆ ಬಹಳ ದಿನದ ಆಸೆ ಎಂದೂ ಸೇರಿಸಿದೆ. ಮಾತು ಮನೆ ಕೆಡಿಸಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

"ಉಸುಕು ಎಮ್ಮಿ ನುಂಗತೈತೇನ್ರಿ ಅಳಿಯಾರ? ನಡ್ರಿ, ನೋಡೇ ಬಿಡೂಣು" ಎಂದರು ಮಾವ.

ಆಗ ಆ ಕಡೆ ಮೋಟಾರು ಇರಲಿಲ್ಲ. ಬಂಡಿ ಕಟ್ಟಿಸಿಕೊಂಡು ಹೋಗಿ, ಗುಡ್ಡದ ಬುಡದಲ್ಲಿ ಬಿಟ್ಟು ಹತ್ತಿದೆವು. ಮೊಳಕ್ಕೊಂದು ದಾರ ಕಟ್ಟಿದ ಬಿದಿರು ನನ್ನ ಹೆಗಲ ಮೇಲಿತ್ತು. ಅಲ್ಲಿಯ ಕೆಮ್ಮಣ್ಣು ಪಂಚೆಗೆ ಹತ್ತಿದರೆ ಅಗಸನ ಕಲ್ಲಿಗೂ ಜಗ್ಗುವುದಿಲ್ಲ. ಮಾವ ಪಂಚೆ ಎತ್ತಿ ಕಟ್ಟಿ ನನಗಿಂತ ಮುಂದೆ ನಡೆದರು. ಕೆರೆ ಸಣ್ಣದು. ಒಂದು ಮೂಲೆಯಲ್ಲಿ ಒರತೆ, ಅದರ ಸುತ್ತ ಕೆಂಪು ಉಸುಕು ನುಣ್ಣಗೆ ಹರಡಿತ್ತು. ದಂಡೆಯ ಮೇಲೆ ನಿಂತು ಬಿದಿರು ಚುಚ್ಚಿದೆ. ಐದು ಮೊಳ ಇಳಿದರೂ ತಳ ಸಿಗಲಿಲ್ಲ. ಅದನ್ನು ನಾನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದಾಗ ಮಾವ, "ಈ ಕಡಿ ನೆನದೈತಿ, ಗಟ್ಟಿ ಇರತೈತಿ" ಎನ್ನುತ್ತ ಎರಡು ಮಾರು ಒಳಗೆ ನಡೆದು ಹಿಮ್ಮಡಿಯಿಂದ ಗುದ್ದಿದರು.

ಹೊಳೆಯ ಉಸುಕಾಗಿದ್ದರೆ ತಡೆಯುತ್ತಿತ್ತು. ಇಲ್ಲಿ ಅಡಿಯಿಂದ ನೀರು ಉಕ್ಕುತ್ತಿತ್ತು. ಮೊದಲ ಗುದ್ದಿಗೆ ನೆಲ ಅಂಬಲಿಯಂತೆ ಅಲುಗಿತು, ಎರಡನೆಯದಕ್ಕೆ ಮೊಣಕಾಲು ಮುಳುಗಿತು. ಕಿತ್ತುಕೊಳ್ಳಲು ಒದ್ದಾಡಿದಷ್ಟೂ ಇಳಿದು ಸೊಂಟಕ್ಕೆ ಬಂತು.

ಬಿದಿರು ಚಾಚಿದೆ. ಅವರು ಒಂದೇ ಕೈ ಕೊಟ್ಟರು. ಇನ್ನೊಂದು ಕೈಯಲ್ಲಿ ಕೊರಳಿನ ಕರಡಿಗೆಯನ್ನು, ಒಳಗೆ ಲಿಂಗವಿರುವ ಬೆಳ್ಳಿಯ ಭರಣಿಯನ್ನು, ಕೆಸರು ತಾಗದಂತೆ ಎತ್ತಿ ಹಿಡಿದಿದ್ದರು.

"ಮಾವಾರ, ಬೋರಲ ಬೀಳ್ರಿ, ಎರಡೂ ಕೈಲೆ ಹಿಡೀರಿ!" ಎಂದು ಕೂಗಿದೆ.

"ಬೋರಲ ಬಿದ್ರ ಲಿಂಗ ಕೆಸರಾಗ ಹೋಗತೈತಿ. ನಾ ಹ್ವಾದ್ರ ಹೋಗ್ಲಿ, ಅದು ಬ್ಯಾಡ."

ನಾನೂ ಲಿಂಗ ಕಟ್ಟಿಕೊಂಡವನೇ, ಏನು ಹೇಳಲಿ? ಒಳಗಿಳಿದು ಅವರನ್ನು ಹಿಡಿಯಬೇಕಿತ್ತು. ಇಳಿಯಲಿಲ್ಲ. ಹೆದರಿದ್ದೆ, ಇದಕ್ಕೆ ಬೇರೆ ಹೆಸರಿಲ್ಲ.

ನನ್ನ ಕೂಗಿಗೆ ಗುಡ್ಡದಿಂದ ಹುಲ್ಲು ಕೊಯ್ಯುವ ಹೆಣ್ಣುಮಗಳೊಬ್ಬಳು ತಲೆಯ ಹೊರೆಯೊಂದಿಗೇ ಓಡಿ ಬಂದಳು. ನನ್ನನ್ನು ಏನೂ ಕೇಳಲಿಲ್ಲ. ಹೊರೆ ಬಿಚ್ಚಿ ಹುಲ್ಲನ್ನು ಹುದುಲಿನ ಮೇಲೆ ದಪ್ಪಗೆ ಹಾಸಿದಳು.

"ಅಂಗಾತ ಮಲಗ್ರಿ ಯಜಮಾನ್ರ. ದೇವ್ರು ಎದಿ ಮ್ಯಾಲ ಇರತಾನ, ಅವಂಗೇನ್ ಆಗತೈತಿ?"

ಇಷ್ಟು ಸುಲಭದ ಮಾತು ಓದಿದ ನನಗೆ ಹೊಳೆದಿರಲಿಲ್ಲ. ಮಾವ ಹಿಂದಕ್ಕೆ ಒರಗಿದರು. ಆಕೆ ಹುಲ್ಲಿನ ಮೇಲೆ ತಾನೇ ಬೋರಲು ಮಲಗಿ, ಅವರ ತೊಡೆಯ ಸುತ್ತ ಕೈಯಿಂದ ಉಸುಕು ತೋಡತೊಡಗಿದಳು. "ಎಳೀಬ್ಯಾಡ್ರಿ, ಒಂದೊಂದ ಕಾಲು ಮೆಲ್ಲಕ ಅಲ್ಲಾಡಿಸ್ರಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀವೂ ಬರ್ರಿ, ರಟ್ಟಿ ಹಿಡೀರಿ" ಎಂದಳು.

"ನಾ ಭಾರ ಇದ್ದೀನವ್ವ" ಎಂದೆ.

ಆಗ ನಾನು ಜೋಳದ ದಂಟಿನಂತಿದ್ದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಹೊರೆ ಕಟ್ಟಿದ್ದ ಹಗ್ಗವನ್ನು ಮಾವನ ಕಂಕುಳಿಗೆ ಸುತ್ತಿ, ತುದಿಯನ್ನು ನನ್ನತ್ತ ಎಸೆದಳು. "ಹಂಗಾರ ಇದನ್ನಾರ ಹಿಡೀರಿ." ಕಾಲೆರಡೂ ಸಡಿಲವಾದ ಮೇಲೆ, ಅವಳು ಹೇಳಿದಾಗ, ಎಳೆದೆ. ಹೊತ್ತು ಒಂದಾಳುದ್ದ ಇಳಿಯುವಷ್ಟರಲ್ಲಿ ಮಾವ ದಂಡೆಗೆ ಬಂದರು. ಕರಡಿಗೆಗೆ ಒಂದು ಹನಿ ಕೆಸರಿಲ್ಲ. ಆಕೆಯ ಹುಲ್ಲು ಮಾತ್ರ ಹುದುಲಿನ ಪಾಲಾಗಿತ್ತು. "ಇನ್ನೊಂದು ಹೊರಿ ಕೊಯ್ಕೋಬೇಕು" ಎಂದು ಕುಡುಗೋಲು ಎತ್ತಿಕೊಂಡು ಮತ್ತೆ ಗುಡ್ಡ ಹತ್ತಿದಳು. ನಾವು ಇಳಿದೆವು.

ಮನೆಗೆ ಬಂದು ಮಾವ ಮಗಳಿಗೆ, "ಅಳಿಯಾರು ಎಳದು ತಗದ್ರವ್ವ" ಎಂದರು. ಅಂಗಾತ ಮಲಗಿಸಿ ಹೆಂಗಸೊಬ್ಬಳು ತನ್ನನ್ನು ಬಿಡಿಸಿದಳೆಂದು ಹೇಳಲು ಅವರಿಗೆ ಬಾಯಿ ಬರಲಿಲ್ಲವೋ, ನನ್ನ ಮಾನ ಉಳಿಸಿದರೋ, ಗೊತ್ತಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನಾನೂ ಸುಮ್ಮನಾದೆ. ಕಂಪ್ಲಿಗೆ ಹೋದಾಗಲೆಲ್ಲ ಆ ಕತೆ ನಡೆಯುತ್ತಿತ್ತು, ದೊಡ್ಡ ಕಲ್ಲಂಗಡಿಯ ನಡುಭಾಗ ನನ್ನ ಮುಂದೆ ಬರುತ್ತಿತ್ತು. ಮೊದಲ ವರ್ಷ ನಾಚಿಕೆಯಾಯಿತು. ಮೂರನೆಯ ವರ್ಷಕ್ಕೆ ನನ್ನ ಅಂಗೈಯಲ್ಲಿ ಬಿದ್ದ ಹಗ್ಗದ ಬೊಬ್ಬೆಗಳನ್ನು ನಾನೇ ವರ್ಣಿಸತೊಡಗಿದ್ದೆ.

ಮಾವ ತೀರಿಕೊಂಡು ಎರಡು ವರ್ಷವಾಯಿತು. ಇವತ್ತು ಮಧ್ಯಾಹ್ನ ಊಟಕ್ಕೆ ಕುಳಿತಾಗ ಹೆಂಡತಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಭಾರ ಇದ್ದೀನಿ ಎಂದದ್ದನ್ನೂ ಬಿಡಲಿಲ್ಲ. ಸಿಟ್ಟಾಗುತ್ತಾಳೆ, ಇಲ್ಲವೇ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ರೊಟ್ಟಿ ನೀಡುವುದನ್ನು ನಿಲ್ಲಿಸಿ ಕೇಳಿದಳು:

"ಆಕೀ ಹೆಸರೇನ್ರಿ?"

"ಗೊತ್ತಿಲ್ಲ."

"ಯಾವೂರಾಕಿ?"

ಅದೂ ಗೊತ್ತಿರಲಿಲ್ಲ.

"ನಮ್ಮಪ್ಪನ ಜೀವ ಉಳಿಸ್ದಾಕಿನ ಒಂದು ಮಾತು ಕೇಳದ ಬಂದ್ರ್ಯಾ, ಇಬ್ರೂ?"

ಮೂವತ್ತು ವರ್ಷ ಎಷ್ಟೊಂದು ಜನರಿಗೆ ಈ ಕತೆ ಹೇಳಿದ್ದೇನೆ. ಈ ಪ್ರಶ್ನೆ ಒಬ್ಬರೂ ಕೇಳಿರಲಿಲ್ಲ. ಕೇಳುವ ಹಾಗೆ ನಾನು ಹೇಳಿಯೂ ಇರಲಿಲ್ಲ.